ಬೀಳುವ ತೂಕ

ಜೆನೋನ್, ಯಂತ್ರ ಆರಿಸು.
ಹಲ್ಲಿನ ಆ ಬಕೆಟ್ಟನ್ನು ನೆಲಕ್ಕೆ ಮಲಗಿಸಿ
ಕೀಲಿಕೈ ನನ್ನ ಅಂಗೈಗೆ ಹಾಕು.
ಇಲ್ಲಿಂದ ಮುಂದೆ ಸಲಿಕೆ ಮಾತ್ರ,
ಅದೂ ಮೆಲ್ಲಗೆ, ಒಲೆಯ ಬೂದಿಯಲ್ಲಿ
ಕೆಂಡ ಹುಡುಕುವ ಹಾಗೆ.

ನಕಾಶೆ ಎಪ್ಪತ್ತನಾಲ್ಕರದ್ದು.
ಬರೆದವನ ಪೆನ್ಸಿಲ್ಲು ಚೂಪಾಗಿತ್ತು,
ನೆನಪು ಅಷ್ಟಿರಲಿಲ್ಲ.
ಹಳಿಯಿಂದ ಮೂರು ಮೊಳ ಅನ್ನುತ್ತದೆ ಕಾಗದ;
ನನ್ನ ಕೈಯ ಡಬ್ಬಿ ಐದರ ಹತ್ತಿರ ಗುಂಯ್‌ಗುಡುತ್ತದೆ.
ಯಾವುದನ್ನು ನಂಬಲಿ ಅಂತ ಕೇಳಬೇಡ.
ಎರಡನ್ನೂ ನಂಬದವರೇ
ಈ ಕೆಲಸದಲ್ಲಿ ಪಿಂಚಣಿ ಕಂಡವರು.

ಪೊದ್ಲಾಸಿಯೆಯ ಮಾರ್ಚ್ ಇದು.
ಮೇಲ್ಮಣ್ಣು ಕರಗಿ ಕೆಸರು, ಗೇಣು ಕೆಳಗೆ ಇನ್ನೂ ಹಿಮ.
ಬೀಟ್‌ರೂಟ್ ಹೊಲದಾಚೆ ಕಂಬದ ಮೇಲೆ
ಕೊಕ್ಕರೆಯ ಖಾಲಿ ಗೂಡು.
ಎರಡು ದಾರಿಯಲ್ಲಿ ಒಂದು ನಮ್ಮದು, ಒಂದು ರೈಲಿನದು;
ಕಿತ್ತಳೆ ಬಲೆ ದಾಟಬೇಡ.
ಲುಬೋಮಿರ್ ಕೊಂಬು ಊದಿದರೆ
ಕೈಯಲ್ಲಿದ್ದದ್ದು ಬಿಟ್ಟು ಬಾ.
ಸಲಿಕೆ ಅಂಗಡಿಯಲ್ಲಿ ಸಿಗುತ್ತದೆ.

ಮೊದಲು ಇಟ್ಟಿಗೆ, ಆಮೇಲೆ ಮರಳು,
ಮರಳಿನಲ್ಲಿ ಹಾವುಮೀನಿನಂತೆ ಕಪ್ಪಗೆ, ತಣ್ಣಗೆ,
ಏನೂ ಅರಿಯದಂತೆ ಮಲಗಿರುತ್ತದೆ ಅದು.
ಒಳಗೆ ಇಪ್ಪತ್ತನಾಲ್ಕು ಎಳೆ.
ಒಂದಕ್ಕೆ ಗೇಟಿನ ಗಂಟೆ ಗೊತ್ತು,
ಒಂದಕ್ಕೆ ಹಳಿ ತಿರುಗಿಸುವ ಗುಟ್ಟು,
ಉಳಿದವು ಏನು ಬಲ್ಲವೋ,
ನಲವತ್ತು ವರ್ಷವಾಯಿತು, ಇನ್ನೂ ಕಲಿಯುತ್ತಿದ್ದೇನೆ.

ಆ ಬೂದು ಪೆಟ್ಟಿಗೆಯಲ್ಲಿ ರಿಲೇ ಇದೆ.
ಕರೆಂಟು ಅದನ್ನು ಎತ್ತಿ ಹಿಡಿದಿರುತ್ತದೆ;
ಎಲ್ಲೋ ತಂತಿ ತುಂಡಾದರೆ
ತನ್ನ ತೂಕಕ್ಕೆ ತಾನೇ ಬೀಳುತ್ತದೆ, ಟಕ್.
ಬಿದ್ದರೆ ಕೆಂಪು.
ಕಟ್ಟಿದವರು ಸ್ಪ್ರಿಂಗನ್ನು ನಂಬಲಿಲ್ಲ,
ಭೂಮಿಯನ್ನು ನಂಬಿದರು.
ಬಿದ್ದವರನ್ನು ಕಂಡು ನಗುವ ಊರಲ್ಲಿ
ಬೀಳುವುದೇ ಕ್ಷೇಮವಾದ ಜಾಗ
ಇದೊಂದೇ ಇರಬೇಕು.

ತುಂಡಾದ ತಂತಿಗೆ ನಾನು ಅಂಜುವುದಿಲ್ಲ.
ಅದು ಕೂಗಿ ಹೇಳುತ್ತದೆ.
ಅಂಜುವುದು ಅರೆಗಾಯಕ್ಕೆ:
ಸಿಪ್ಪೆ ಸುಲಿದು, ನೀರು ಕುಡಿದು, ಪಕ್ಕದ ಎಳೆಗೆ ತಾಗಿ,
ಬೀಳಬೇಕಾದ ತೂಕವನ್ನು
ಕಳ್ಳ ಕರೆಂಟಿನಲ್ಲಿ ಎತ್ತಿ ಹಿಡಿದು
ಹಸಿರು ತೋರಿಸುವ ಗಾಯಕ್ಕೆ.

ವಿತೋಲ್ದ್ ಅಂತ ಇದ್ದ. ಒಳ್ಳೆಯ ಕೈ.
ಹದಿಮೂರು ದಿನ ರಜೆ ಕಂಡಿರಲಿಲ್ಲ.
ಹಳೇ ತಂತಿ ಬಿಚ್ಚಿದ, ತುದಿಗೆ ಪಟ್ಟಿ ಸುತ್ತುವುದೊಂದು ಬಾಕಿ,
ಯಾರೋ ಚಹಾಕ್ಕೆ ಕರೆದರು.
ಮರುದಿನದ ಮಂಜಿನಲ್ಲಿ ಆ ಚಾಲಕಿಗೆ
ಮುಂದೆ ನಿಂತ ಗಾಡಿಯ ಹಿಂದೀಪ ಕಂಡಿತು.
ನಿಂತಾಗ ನಡುವೆ ಹನ್ನೊಂದು ಸ್ಲೀಪರ್.
ನಾನೇ ಎಣಿಸಿದೆ. ಎರಡು ಸಲ.

ಇಷ್ಟು ಹೇಳಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.
ಗುಂಡಿಯೊಳಗಿಂದ, 'ಬೊಗುಮಿವಾ ಅವರೇ.'

ಮೊಣಕಾಲೂರಿ ಕೂತಿದ್ದ.
ನಕಾಶೆಯಲ್ಲಿಲ್ಲದ ಇನ್ನೊಂದು ಕೇಬಲ್,
ಡಬ್ಬಿಗೂ ಕೇಳಿಸದ್ದು,
ಅದರ ಮೇಲೆ ಉಗುರಿನಷ್ಟು ಗೀರು.
ಯಾವ ದೀಪವೂ ಬದಲಾಗಿರಲಿಲ್ಲ.
ಲುಬೋಮಿರ್ ಆ ಕಡೆ ಮುಖ ಮಾಡಿದ್ದ.
ಎರಡು ಹಿಡಿ ಮರಳು ಸಾಕಿತ್ತು.
'ನನ್ನ ಸಲಿಕೆಯೇ ತಾಗಿದ್ದು' ಅಂದ.

ಫೋನು ಮಾಡಿದೆ. ಐದೂವರೆಯ ಗಾಡಿ
ಬಯಲಲ್ಲಿ ನಿಂತಿತು, ನಲವತ್ತು ನಿಮಿಷ.
ಕಿಟಕಿ ಕಿಟಕಿಯಲ್ಲಿ ಮುಖ; ಒಂದು ಮಗು ಕೈಬೀಸಿತು,
ಉಳಿದವರು ಗಡಿಯಾರ ನೋಡಿದರು.
ಗುತ್ತಿಗೆದಾರನ ಬೈಗುಳಕ್ಕೆ
ಫೋನನ್ನು ಮೊಳ ದೂರ ಹಿಡಿಯಬೇಕಾಯಿತು.

ಜೆನೋನ್ ಗುಂಡಿಯ ಅಂಚಿನಲ್ಲಿ
ಕಿವಿಯ ತುದಿಯವರೆಗೆ ಕೆಂಪಾಗಿ ನಿಂತಿದ್ದ.
ಚಹಾದ ಮೊದಲ ಲೋಟ ಅವನಿಗೇ ಕೊಟ್ಟೆ.
ಕೀಲಿಕೈ ಮಾತ್ರ
ಕೊಡಲಿಲ್ಲ.